ತಲೆಯ ಮೇಲೆ ಮಣ್ಣು, ಕೊರಳಲ್ಲಿ ಕೆಂಪು ಹೂ

ಹಿತ್ತಲಿಗೆ ಬೇಲಿ ಹಾಕಲು ಯಾರಾದರೂ ಗುಣಿ ತೋಡತೊಡಗಿದರೆ ಸಾಕು, ಪಕ್ಕದ ಮನೆಯವರು ಹೊರಗೆ ಬಂದು ನಿಲ್ಲುತ್ತಾರೆ. ‘ಅಳತೆ ಮಾಡಿಸಿದ್ರಾ?’ ಎಂಬ ಅವರ ಪ್ರಶ್ನೆ ಬಹಳ ಹಳೆಯದು.

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಗೂಢಚಾರರ ಅಧ್ಯಾಯಗಳಿಗೆ ಸಿಕ್ಕ ಪ್ರಸಿದ್ಧಿ ಮನೆ ಕಟ್ಟುವವರಿಗೆ ಹೇಳಿದ ಮಾತುಗಳಿಗೆ ಸಿಗಲಿಲ್ಲ. ಪಕ್ಕದವರ ಗೋಡೆಯಿಂದ ಎರಡು ಮೊಳ ಸರಿದು ಅಡಿಪಾಯ ಹಾಕು ಎನ್ನುತ್ತದೆ ಆ ಗ್ರಂಥ. ಇಂದಿನ ಪುರಸಭೆಯ ‘ಸೆಟ್‌ಬ್ಯಾಕ್’ ಇದೇ ತಾನೆ! ಜಾಗದ ತಕರಾರು ಬಂದರೆ ನೆರೆಯವರ ಮಾತೇ ಆಧಾರ.

ಆ ನೆರೆಯವರನ್ನು ಸುಮ್ಮನೆ ಕರೆದು ಕೇಳುತ್ತಿರಲಿಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಎಲ್ಲೆಯ ವ್ಯಾಜ್ಯಕ್ಕೆಂದೇ ಒಂದು ಪ್ರಕರಣವಿದೆ. ನಾಲ್ಕೋ ಎಂಟೋ ಹತ್ತೋ ಮಂದಿ ನೆರೆಯವರು ಕೆಂಪು ಬಟ್ಟೆ ಉಟ್ಟು, ಕೆಂಪು ಹೂಮಾಲೆ ಹಾಕಿ, ತಲೆಯ ಮೇಲೆ ಮಣ್ಣು ಹೊತ್ತು ಗಡಿ ತೋರಿಸಬೇಕು. ಮರ, ಹುತ್ತ, ಇದ್ದಿಲು, ಹೊಟ್ಟು, ಮೂಳೆ ಇವೇ ಕುರುಹು. ಇದ್ದಿಲನ್ನು ಸೂಚಿಸಿದವನು ಜಾಣ: ನೆಲದಡಿ ಅದು ಕೊಳೆಯುವುದಿಲ್ಲ. ಊರು, ಹೊಲಗಳಿಗಷ್ಟೇ ಅಲ್ಲ, ಮನೆಗೂ ಮಳೆನೀರು ಹರಿಯುವ ಕಾಲುವೆಗೂ ಇದೇ ವಿಧಿ.

ದಾನದ ಭೂಮಿಗೆ ಕಲ್ಲು ನೆಡುತ್ತಿದ್ದರು. ಕೊಡೆ, ಕಮಂಡಲು ಹಿಡಿದ ವಾಮನನಿದ್ದರೆ ಅದು ಬ್ರಾಹ್ಮಣರಿಗೆ ಬಿಟ್ಟದ್ದು, ಮುಕ್ಕೊಡೆಯಿದ್ದರೆ ಬಸದಿಯದು, ಲಿಂಗವಿದ್ದರೆ ಶಿವಾಲಯದ್ದು. ಓದು ಬಾರದವನಿಗೂ ಯಾರ ನೆಲವೆಂದು ತಿಳಿಯಬೇಕಲ್ಲ. ಕಲ್ಲಿಗೆ ಹೆದರದವನಿಗೆ ಶಾಸನದ ಶಾಪವಿತ್ತು: ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವುದು.

ಶಾಪದ ಜಾಗಕ್ಕೆ ಸರಪಳಿ ಬಂತು. 1863ರಲ್ಲಿ ಮೈಸೂರು ಸೀಮೆಯಲ್ಲಿ ಕಂದಾಯದ ಸರ್ವೆ ಶುರುವಾದಾಗ ಹಿಡಿದದ್ದು ಬೊಂಬಾಯಿ ಪದ್ಧತಿ. ಸರಪಳಿ 33 ಅಡಿ ಉದ್ದ. ರೂಪಾಯಿಯ ಹಾಗೆ ಅದಕ್ಕೂ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಳೆದ ಕಡೆ ಬಾಂದು ಕಲ್ಲು. ಸರ್ಕಾರ ನೆಟ್ಟ ಅಂಥ ಕಲ್ಲನ್ನು ಕಿತ್ತವನಿಗೆ 1860ರ ದಂಡಸಂಹಿತೆ ಒಂದು ವರ್ಷದವರೆಗೆ ಸೆರೆವಾಸ ಬರೆದಿತ್ತು. ಅರವತ್ತು ಸಾವಿರದಿಂದ ಒಂದಕ್ಕೆ ಇಳಿದದ್ದು ದೊಡ್ಡ ರಿಯಾಯಿತಿಯೇ.

ಈಗ ಜಮೀನಿಗೆ ಬೇಲಿ ಹಾಕುವ ಮುನ್ನ ಹದ್ದುಬಸ್ತಿಗೆ ಅರ್ಜಿ ಕೊಡುತ್ತಾರೆ. ಅಳತೆಯ ದಿನ ಹಾಜರಿರಿ ಎಂದು ಸುತ್ತಲಿನ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ. ಭೂಮಾಪಕರು ಹಳೆಯ ಟಿಪ್ಪಣಿ ಹಿಡಿದು ಬಾಂದು ಕಲ್ಲು ಹುಡುಕುತ್ತಾರೆ. ಅಕ್ಕಪಕ್ಕದವರು ಹಿಂದೆಯೇ ನಡೆಯುತ್ತಾರೆ. ಕೆಲವು ಸಲ ಆ ಕಲ್ಲು ಯಾರದೋ ಹಿತ್ತಲಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ, ಸೋಪಿನ ನೊರೆಯಡಿ ಸಿಗುತ್ತದೆ.