ಅಗ್ಗದ ಬಾರ್, ಸಾವಜಿ ಊಟ: ಮಲಪ್ರಭೆಯ ಸೀಮೆಯ ಸಂಜೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗಗಳಲ್ಲಿ 'ಸ್ಪೋರ್ಟ್ಸ್ ಬಾರ್' ಎಂಬ ಮಹಾನಗರದ ಫಲಕವನ್ನು ಹುಡುಕುವುದು ವ್ಯರ್ಥ. ಗಲ್ಲಾದ ಮೇಲಿನ ಗೋಡೆಗೆ ಟಿ.ವಿ. ಬಿಗಿದ ಸಾಮಾನ್ಯ 'ಬಾರ್ ಆ್ಯಂಡ್ ರೆಸ್ಟೋರೆಂಟ್' ಇಲ್ಲಿ ಆ ಕೆಲಸವನ್ನೂ ಮಾಡುತ್ತದೆ. 2025ರ ಜೂನ್ 3ರಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಮಣಿಸಿ ಮೊದಲ ಐಪಿಎಲ್ ಕಿರೀಟ ಧರಿಸಿದಂತಹ ರಾತ್ರಿಗಳಲ್ಲಿ ಇಂತಹ ಬಾರ್‌ಗಳಲ್ಲಿ ಕುರ್ಚಿ ಸಿಗುವುದು ಕಷ್ಟ.

ಈ ಸೀಮೆಯ ಮದ್ಯದ ಇತಿಹಾಸ ಹಳೆಯ ಮೈಸೂರಿನದಕ್ಕಿಂತ ಭಿನ್ನ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಮುಂಬಯಿಯ 1949ರ ಪಾನನಿಷೇಧ ಕಾಯ್ದೆ ಇಲ್ಲಿಯೂ ಜಾರಿಯಲ್ಲಿತ್ತು. ಮೈಸೂರು ರಾಜ್ಯ ಪಾನನಿಷೇಧವನ್ನು ಸಡಿಲಿಸಿದ್ದು 1967ರಲ್ಲಿ. ಬಳಿಕ ದುಡಿಯುವವರ ಪೇಯವಾಗಿದ್ದ ಸಾರಾಯಿಯನ್ನು ಸರ್ಕಾರ 2007ರ ಜುಲೈ 1ರಿಂದ ನಿಷೇಧಿಸಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅದರ ಸ್ಥಾನಕ್ಕೆ 90 ಮಿ.ಲೀ. ಮತ್ತು 180 ಮಿ.ಲೀ.ನ ಅಗ್ಗದ ವಿಸ್ಕಿ ಬಂದಿತು. 'ನೈಂಟಿ', 'ಕ್ವಾರ್ಟರ್' ಎಂಬ ಪದಗಳು ಅಳತೆಯ ಹೆಸರುಗಳಾಗಿ ಉಳಿಯದೆ ದಿನಗೂಲಿಯನ್ನು ಲೆಕ್ಕ ಹಾಕುವ ಮಾನದಂಡಗಳೇ ಆದವು.

ಗ್ರಾಹಕ ತಿಳಿದಿರಬೇಕಾದ ಮುಖ್ಯ ವ್ಯತ್ಯಾಸ ಪರವಾನಗಿಯದು. ಜನರು 'ವೈನ್ ಶಾಪ್' ಎನ್ನುವ ಸಿಎಲ್-2 ಮಳಿಗೆ ಸೀಲು ಮಾಡಿದ ಬಾಟಲಿಯನ್ನು ಮುದ್ರಿತ ಬೆಲೆಗೆ ಮಾರಬೇಕು. ಅಲ್ಲಿಯೇ ಕುಳಿತು ಕುಡಿಯುವಂತಿಲ್ಲ. ಸಿಎಲ್-9 ಎಂಬುದು ಬಾರ್. ಅಬಕಾರಿ ನಿಯಮದ ಭಾಷೆಯಲ್ಲಿ ಅದು 'ಉಪಾಹಾರ ಕೊಠಡಿ', ಹೆಸರು ಕೇಳಿದರೆ ಕಾಫಿ ಸಿಗಬಹುದೆಂಬ ಭ್ರಮೆ ಮೂಡೀತು! ಇಲ್ಲಿ ಟೇಬಲ್ಲು, ಸೋಡಾ, ಅಡುಗೆಮನೆಯ ಖರ್ಚು ಸೇರಿ ಅದೇ ಕ್ವಾರ್ಟರ್‌ಗೆ ಹೆಚ್ಚು ತೆರಬೇಕಾಗುತ್ತದೆ. ಆದ್ದರಿಂದಲೇ ಅನೇಕರು ಅಂಗಡಿಯಲ್ಲಿ ಕೊಂಡು ಹೊಲದ ಬದು, ಕೆರೆಯ ದಂಡೆ ಅಥವಾ ಖಾನಾವಳಿಯ ಮೂಲೆ ಹಿಡಿಯುತ್ತಾರೆ. ಪರವಾನಗಿಯಿಲ್ಲದ ಖಾನಾವಳಿಯಲ್ಲಿ ಮದ್ಯಪಾನಕ್ಕೆ ಅವಕಾಶ ಕೊಡುವುದು ಅಪರಾಧ; ಪ್ರಕರಣ ದಾಖಲಾದರೆ ಬಿಸಿ ತಟ್ಟುವುದು ಮೊದಲು ಖಾನಾವಳಿಯವರಿಗೆ.

ಊಟದ ವಿಷಯಕ್ಕೆ ಬಂದರೆ ಈ ಸೀಮೆಯ ಹೆಮ್ಮೆ ಸಾವಜಿ ಅಡುಗೆ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು ಮೂಲತಃ ನೇಕಾರರು. ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಗಳಲ್ಲಿ ಬೇರೂರಿದ ಅವರ ಮನೆಯ ಅಡುಗೆ ಖಾನಾವಳಿಗಳ ಮೂಲಕ ಸುತ್ತಲಿನ ಜಿಲ್ಲೆಗಳಿಗೂ ಹರಡಿತು. ಒಣಕೊಬ್ಬರಿ, ಗಸಗಸೆ, ಖಾರದ ಪುಡಿ ಸೇರಿದ ಕೆಂಪು ಎಣ್ಣೆ ತೇಲುವ ಮಟನ್ ಸಾರು, ಖೀಮಾ ಉಂಡಿ, ಬೋಟಿ, ಜೊತೆಗೆ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಲಿಂಬೆಹೋಳು. ಮೊದಲ ಸಲ ಉಣ್ಣುವವರು ಸಾರನ್ನು ರೊಟ್ಟಿಗೆ ಸುರಿದುಕೊಳ್ಳದೆ ಅದ್ದಿಕೊಂಡು ತಿನ್ನುವುದು ಕ್ಷೇಮ. ಬಾರ್‌ನ ಟೇಬಲ್ಲಿಗೆ ಬರುವುದು ಹುರಿದ ಶೇಂಗಾ, ಮಿರ್ಚಿ ಭಜಿ, ಆಮ್ಲೆಟ್. ಸಸ್ಯಾಹಾರಿಗಳಿಗೆ ಬೇರೆ ಲಿಂಗಾಯತ ಖಾನಾವಳಿಗಳಿವೆ. ಝುಣಕ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಆ ಊಟಕ್ಕೂ ಮದ್ಯಕ್ಕೂ ಸಂಬಂಧವಿಲ್ಲ.

ಪುಣೆ-ಬೆಂಗಳೂರು ಹೆದ್ದಾರಿಯ ಕಿತ್ತೂರಿನಂತಹ ಊರುಗಳಿಗೆ ಮತ್ತೊಂದು ತಿರುವು ಒದಗಿದ್ದು ಸುಪ್ರೀಂ ಕೋರ್ಟ್‌ನ 2016ರ ಡಿಸೆಂಬರ್ 15ರ ತೀರ್ಪಿನಿಂದ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಸಲ್ಲದೆಂದ ನ್ಯಾಯಾಲಯ, 20 ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಊರುಗಳಲ್ಲಿ ಈ ಅಂತರವನ್ನು 2017ರ ಮಾರ್ಚ್ 31ರಂದು 220 ಮೀಟರಿಗೆ ಇಳಿಸಿತು. ಅದೇ ವರ್ಷ ಪಟ್ಟಣಗಳ ವ್ಯಾಪ್ತಿಗೆ ವಿನಾಯಿತಿಯ ದಾರಿಯೂ ತೆರೆಯಿತು.

ಅಗ್ಗವೆಂಬ ಮಾತೂ ಈಗ ಸಡಿಲವಾಗಿದೆ. 2023ರ ಜುಲೈ ಬಜೆಟ್‌ನಲ್ಲಿ ಭಾರತೀಯ ತಯಾರಿಕೆಯ ಮದ್ಯದ ಎಲ್ಲ 18 ಸ್ಲ್ಯಾಬ್‌ಗಳ ಮೇಲೆ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಲಾಯಿತು. ಕೆಳಗಿನ ಸ್ಲ್ಯಾಬ್‌ಗೂ ರಿಯಾಯಿತಿ ಸಿಗಲಿಲ್ಲ. ಇದರ ಭಾರ ಬೀಳುವುದು ಕಬ್ಬು ಕಡಿಯುವವರು, ಹಮಾಲರು, ನೇಕಾರರ ಮೇಲೆ, ಅಂತಿಮವಾಗಿ ಅವರ ಮನೆಯ ಹೆಂಗಸರ ಮೇಲೆ. ಹಳ್ಳಿಯ ಕಿರಾಣಿ ಮತ್ತು ಪಾನ್ ಅಂಗಡಿಗಳಲ್ಲಿ ಕದ್ದು ಮಾರುವ ಮದ್ಯದ ವಿರುದ್ಧ ಮಹಿಳೆಯರು ತಹಶೀಲ್ದಾರ್ ಕಚೇರಿಗೆ ಮನವಿ ಹೊತ್ತು ಬರುವುದು ಉತ್ತರ ಕರ್ನಾಟಕದಲ್ಲಿ ಹೊಸತೇನಲ್ಲ. ಅವರ ತಕರಾರು ಹೆಚ್ಚಾಗಿ ಪಟ್ಟಣದ ಬಾರ್‌ನ ಮೇಲಲ್ಲ, ಬೆಳಗಿನ ಜಾವವೇ ಉದ್ರಿ ಕೊಡುವ ಮನೆ ಪಕ್ಕದ ಡಬ್ಬಿ ಅಂಗಡಿಯ ಮೇಲೆ.