ತಂತ್ರಾಂಶ, ಡೇಟಾಬೇಸ್: ಒಂದೇ ಏರ್ಪಾಡು
ತಂತ್ರಾಂಶದ ಹೊಸ ಆವೃತ್ತಿ ವಿದ್ಯಾರ್ಥಿಯ ಜನ್ಮದಿನಾಂಕವನ್ನು ಕೇಳುತ್ತದೆ. ಡೇಟಾಬೇಸಿನ ಕೋಷ್ಟಕದಲ್ಲಿ ಆ ಕಾಲಂ ಇನ್ನೂ ಇಲ್ಲ ಎಂದುಕೊಳ್ಳಿ. ಕೆಲಸ ನಿಲ್ಲುತ್ತದೆ. ಎರಡನ್ನೂ ಜೊತೆಯಾಗಿಯೇ ಅಳವಡಿಸಬೇಕು.

1993ರಲ್ಲಿ ಆಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಮಾರ್ಕ್ ಬರ್ಜೆಸ್ 'ಸಿಎಫ್‌ಎಂಜಿನ್' ರಚಿಸಿದರು. ಗಣಕ ಹೇಗಿರಬೇಕೆಂದು ಬರೆದಿಟ್ಟರೆ, ವ್ಯತ್ಯಾಸವನ್ನಷ್ಟೇ ಅದು ಸರಿಪಡಿಸುತ್ತದೆ. 2005ರಲ್ಲಿ 'ರೂಬಿ ಆನ್ ರೈಲ್ಸ್' ಕೋಷ್ಟಕದ ಪ್ರತಿ ಬದಲಾವಣೆಗೂ ಕ್ರಮಸಂಖ್ಯೆ ನೀಡಿ, ತಂತ್ರಾಂಶದ ಜೊತೆಗೇ ಇರಿಸಿತು. ಹೀಗೆ ಒಂದೇ ಏರ್ಪಾಡಿನಿಂದ ಎರಡನ್ನೂ ಕ್ರಮವಾಗಿ ಅಳವಡಿಸುವ ದಾರಿ ತೆರೆಯಿತು.

ಕೈಯಾರೆ ಮಾಡಿದರೆ ಏನಾದೀತು? 2012ರಲ್ಲಿ ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆಯ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ತಂತ್ರಾಂಶ ಸೇರಿಸುವುದು ತಪ್ಪಿಹೋಯಿತು. ಆಗಸ್ಟ್ 1ರಂದು ಸುಮಾರು 45 ನಿಮಿಷಗಳಲ್ಲಿ ನಡೆದ ತಪ್ಪು ಷೇರು ವ್ಯವಹಾರಗಳಿಂದಾದ ನಷ್ಟ 46 ಕೋಟಿ ಡಾಲರಿಗೂ ಅಧಿಕ. ಅಳವಡಿಕೆಯನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಅಲ್ಲಿರಲಿಲ್ಲ.