ಆಲೂಗಡ್ಡೆ ಸಂಶೋಧನೆ: ಪದವಿ ಪ್ರಬಂಧಗಳ ಚರಿತ್ರೆ

ಆಲೂಗಡ್ಡೆಯ ಬೇಸಾಯ, ತಳಿ ಅಭಿವೃದ್ಧಿ ಮತ್ತು ಪೌಷ್ಟಿಕತೆಯ ಬಗ್ಗೆ ವಿಶ್ವವಿದ್ಯಾಲಯಗಳ ಸಂಶೋಧನಾ ವಿದ್ಯಾರ್ಥಿಗಳು ನಡೆಸಿದ ಅಧ್ಯಯನಗಳಿಗೆ ಒಂದು ಶತಮಾನಕ್ಕೆ ಹತ್ತಿರವಾದ ಇತಿಹಾಸವಿದೆ. ಈ ಬೆಳೆಯಲ್ಲಿ ಹೊಸ ತಳಿಯೊಂದು ರೈತನ ಕೈಸೇರಲು ಸಾಮಾನ್ಯವಾಗಿ 10ರಿಂದ 12 ವರ್ಷ ಬೇಕು. ಪದವಿ ಪ್ರಬಂಧಕ್ಕೆ ಸಿಗುವುದು ಎರಡರಿಂದ ನಾಲ್ಕು ವರ್ಷ. ಹಾಗಾಗಿ ತಾನು ಮಾಡಿದ ಸಂಕರದ ಫಲ ಹೊಲದಲ್ಲಿ ನಿಲ್ಲುವುದನ್ನು ವಿದ್ಯಾರ್ಥಿ ಪದವಿ ಮುಗಿಯುವುದರೊಳಗೆ ಕಾಣುವುದಿಲ್ಲ. ಒಬ್ಬರು ಬೆಟ್ಟದಿಂದ ತಂದ ಗಡ್ಡೆಯನ್ನು ಇನ್ನೊಬ್ಬರು ವರ್ಗೀಕರಿಸಿದರು, ಮತ್ತೊಬ್ಬರು ಅದರ ವರ್ಣತಂತುಗಳನ್ನು ಎಣಿಸಿದರು, ಇಪ್ಪತ್ತು ವರ್ಷ ಕಳೆದ ಮೇಲೆ ಯಾರೋ ಅದರಲ್ಲಿದ್ದ ರೋಗ ತಡೆಯುವ ಗುಣವನ್ನು ನಾಟಿ ತಳಿಗೆ ದಾಟಿಸಿದರು. ಈ ಸರಪಳಿ ಕಡಿಯದಂತೆ ಕಾಯ್ದದ್ದು ಗಡ್ಡೆಗಳ ಸಂಗ್ರಹಾಲಯಗಳು ಮತ್ತು ಮಾರ್ಗದರ್ಶಕರು.

ಬೆಳೆಯ ಸ್ವಭಾವ

ಆಲೂಗಡ್ಡೆಯ ಕೆಲಸ ಇಷ್ಟು ನಿಧಾನವಾಗಲು ಅದರ ಹುಟ್ಟೇ ಕಾರಣ. ಬದನೆ, ಟೊಮೇಟೊಗಳ ಕುಟುಂಬದ ಈ ಗಿಡದಲ್ಲಿ 12 ವರ್ಣತಂತುಗಳ ನಾಲ್ಕು ಕಟ್ಟುಗಳಿವೆ, ಒಟ್ಟು 48. ಅದರ ಕಾಡು ಬಂಧುಗಳಲ್ಲಿ ಬಹುಪಾಲಿಗೆ ಎರಡೇ ಕಟ್ಟು, ಅಂದರೆ 24. ನಾಲ್ಕು ಕಟ್ಟು ಕಲೆಯುವಾಗ ಹುಟ್ಟುವ ಒಂದೊಂದು ಬೀಜವೂ ಬೇರೆಯೇ ಗಿಡವಾಗುತ್ತದೆ. ತಂದೆತಾಯಿಯ ಒಳ್ಳೆಯ ಗುಣಗಳೆಲ್ಲ ಒಂದೇ ಸಸಿಯಲ್ಲಿ ಕೂಡಿಬರಲೆಂದು ತಳಿ ವಿಜ್ಞಾನಿ ಸಾವಿರಾರು ಸಸಿಗಳನ್ನು ಬೆಳೆಸಿ, ವರ್ಷ ವರ್ಷವೂ ಆರಿಸುತ್ತಾ ಹೋಗಬೇಕು. ಒಮ್ಮೆ ಸಿಕ್ಕ ಒಳ್ಳೆಯ ಗಿಡವನ್ನು ಮಾತ್ರ ಗಡ್ಡೆಯ ಕಣ್ಣಿನಿಂದ ಹಾಗೆಯೇ ಉಳಿಸಿಕೊಳ್ಳಬಹುದು. ಆದರೆ ಗಡ್ಡೆಯೊಂದಿಗೆ ಅದರೊಳಗಿನ ವೈರಸ್ಸೂ ಮುಂದಿನ ಬೆಳೆಗೆ ಬರುತ್ತದೆ.

ರೋಗದಿಂದ ಹುಟ್ಟಿದ ವಿಜ್ಞಾನ

1845ರಲ್ಲಿ ಯುರೋಪಿಗೆ ಹಬ್ಬಿದ ಅಂಗಮಾರಿ ರೋಗ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾಯಿತು. ಎಲೆಯ ಮೇಲಿನ ಶಿಲೀಂಧ್ರದಂಥ ಜೀವಿಯೇ ರೋಗಕ್ಕೆ ಮೂಲವೆಂದು ಜರ್ಮನಿಯ ಆಂಟನ್ ಡಿ ಬಾರಿ 1861ರಲ್ಲಿ ತೋರಿಸಿದ. 1876ರಲ್ಲಿ ಅದಕ್ಕೆ ಫೈಟಾಫ್ತೊರ ಇನ್ಫೆಸ್ಟನ್ಸ್ ಎಂದು ಹೆಸರಿಟ್ಟ. ತಳಿಯ ಮೂಲಕ ಈ ರೋಗವನ್ನು ತಡೆಯುವ ಪ್ರಯತ್ನಕ್ಕೆ ಗಟ್ಟಿಯಾದ ಆರಂಭ ಕೊಟ್ಟವರು ಇಂಗ್ಲೆಂಡಿನ ರೆಡ್‌ಕ್ಲಿಫ್ ಸಾಲಮನ್. ಕ್ಷಯರೋಗದಿಂದಾಗಿ ವೈದ್ಯವೃತ್ತಿ ಬಿಟ್ಟು ಹಳ್ಳಿಯಲ್ಲಿ ನೆಲೆಸಿದ ಅವರು 1906ರಲ್ಲಿ ಆಲೂಗಡ್ಡೆಯ ಆನುವಂಶಿಕತೆಯನ್ನು ಅಭ್ಯಸಿಸತೊಡಗಿದರು. ಅಂಗಮಾರಿ ತಗುಲದ ಗುಣ ಕಾಡು ಜಾತಿಗಳಲ್ಲಿದೆ ಎಂಬುದನ್ನು ಕೆಲವೇ ವರ್ಷಗಳಲ್ಲಿ ಕಂಡುಕೊಂಡರು. ಅವರ ಹೆಸರನ್ನು ಶಾಶ್ವತಗೊಳಿಸಿದ, ಆಲೂಗಡ್ಡೆಯ ಸಾಮಾಜಿಕ ಚರಿತ್ರೆಯ ಬೃಹತ್ ಗ್ರಂಥ ಬಂದದ್ದು 1949ರಲ್ಲಿ. ವಿಜ್ಞಾನದ ಮಟ್ಟಿಗೆ ಹೇಳುವುದಾದರೆ ಅವರ ಅಷ್ಟೇ ದೊಡ್ಡ ಕೊಡುಗೆ ಕೇಂಬ್ರಿಜ್‌ನಲ್ಲಿ ಅವರ ಕೈಕೆಳಗೆ ಬೆಳೆದ ಶಿಷ್ಯ ಜಾಕ್ ಹಾಕ್ಸ್.

ಕಾಡುಗಡ್ಡೆಗಳ ಹುಡುಕಾಟ

ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ ಗಡ್ಡೆಗಳನ್ನು ಶಾಸ್ತ್ರೀಯವಾಗಿ ಸಂಗ್ರಹಿಸುವ ಕೆಲಸದಲ್ಲಿ ಸೋವಿಯತ್ ವಿಜ್ಞಾನಿಗಳು ಮುಂದಿದ್ದರು. ನಿಕೊಲಾಯ್ ವವಿಲೊವ್ ಅವರ ಸಂಸ್ಥೆಯ ಬುಕಾಸೊವ್ ಮತ್ತು ಯುಜೆಪ್ಚುಕ್ 1920ರ ದಶಕದಲ್ಲೇ ಅಲ್ಲಿಗೆ ಹೋಗಿ ಬಂದಿದ್ದರು. ಆಗಷ್ಟೇ ಪದವಿ ಮುಗಿಸಿದ್ದ ಹಾಕ್ಸ್ 1938ರಲ್ಲಿ ಲೆನಿನ್‌ಗ್ರಾಡ್‌ಗೆ ಹೋಗಿ ಅವರಿಂದ ಪಾಠ ಹೇಳಿಸಿಕೊಂಡರು. 1939ರಲ್ಲಿ ಬ್ರಿಟಿಷ್ ತಂಡದೊಂದಿಗೆ ಅರ್ಜೆಂಟೀನಾದಿಂದ ಕೊಲಂಬಿಯಾದವರೆಗೆ ಸಂಚರಿಸಿದರು. ತಂಡ ಸಾವಿರಕ್ಕೂ ಮಿಕ್ಕಿ ಮಾದರಿಗಳನ್ನು ತಂದಿತು. ಅವರು ಮರಳುವ ಹೊತ್ತಿಗೆ ಯುರೋಪಿನಲ್ಲಿ ಯುದ್ಧ ಕವಿದಿತ್ತು. ಆ ಗಡ್ಡೆಗಳ ವರ್ಗೀಕರಣವೇ ಹಾಕ್ಸ್ ಅವರ ಡಾಕ್ಟರೇಟ್ ಪ್ರಬಂಧವಾಯಿತು. 1941ರಲ್ಲಿ ಪದವಿ ಬಂತು. ಆ ಸಂಗ್ರಹವೇ ಬೆಳೆದು ಇಂದು ಸ್ಕಾಟ್ಲೆಂಡಿನಲ್ಲಿರುವ ಕಾಮನ್‌ವೆಲ್ತ್ ಆಲೂಗಡ್ಡೆ ಸಂಗ್ರಹವಾಗಿದೆ.

ಲೆನಿನ್‌ಗ್ರಾಡ್‌ನ ಕಥೆಯನ್ನು ಇಲ್ಲಿ ಬಿಡುವಂತಿಲ್ಲ. ಹಾಕ್ಸ್‌ಗೆ ಕಲಿಸಿದ ವವಿಲೊವ್ 1940ರಲ್ಲಿ ಬಂಧಿತರಾಗಿ 1943ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ನಗರಕ್ಕೆ ಜರ್ಮನ್ ಸೇನೆ ಮುತ್ತಿಗೆ ಹಾಕಿದಾಗ ಅಬ್ರಾಮ್ ಕಮೆರಾಜ್ ಮತ್ತು ಓಲ್ಗಾ ವೊಸ್ಕ್ರೆಸೆನ್ಸ್ಕಾಯಾ ಗುಂಡಿನ ದಾಳಿಯ ನಡುವೆ ಹೊಲದಿಂದ ಗಡ್ಡೆ ಕಿತ್ತು ತಂದು, ಚಳಿಗೆ ಹಾಳಾಗದಂತೆ ಕಾದರು. ಊರೇ ಹಸಿವಿನಿಂದ ಸಾಯುತ್ತಿದ್ದಾಗ ಅವರು ಆ ಗಡ್ಡೆಗಳನ್ನು ತಿನ್ನಲಿಲ್ಲ. ಅಲ್ಲಿಂದ ಮುಂದೆ ಆ ಸಂಗ್ರಹವನ್ನು ಆಧರಿಸಿ ಬರೆದ ಪ್ರತಿಯೊಂದು ಪ್ರಬಂಧವೂ ಇವರಿಗೆ ಋಣಿ.

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಹಾಕ್ಸ್ 1969ರಲ್ಲಿ ಸಸ್ಯ ಆನುವಂಶಿಕ ಸಂಪತ್ತಿನ ರಕ್ಷಣೆಗೆಂದೇ ಒಂದು ಎಂ.ಎಸ್‌ಸಿ. ಪಠ್ಯಕ್ರಮ ಆರಂಭಿಸಿದರು. ಅಲ್ಲಿ ಕಲಿತ ಮೈಕ್ ಜಾಕ್ಸನ್ ಪೆರುವಿನಲ್ಲಿ ಕೆಲಸ ಮಾಡುತ್ತಲೇ ಮೂರು ಕಟ್ಟಿನ ಆಂಡೀಸ್ ಆಲೂಗಡ್ಡೆಗಳ ಮೇಲೆ ಪ್ರಬಂಧ ಬರೆದು 1975ರಲ್ಲಿ ಡಾಕ್ಟರೇಟ್ ಪಡೆದರು. ಅವರು ಕೆಲಸಕ್ಕಿದ್ದ ಸಂಸ್ಥೆ 1971ರಲ್ಲಿ ಲಿಮಾದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ.

ಸ್ವಾಮಿನಾಥನ್ ಅವರ ಪ್ರಬಂಧ

ಭತ್ತ, ಗೋಧಿಗಳ ಹೆಸರಿನೊಂದಿಗೆ ನಾವು ನೆನೆಯುವ ಎಂ.ಎಸ್. ಸ್ವಾಮಿನಾಥನ್ ವಿಜ್ಞಾನಿಯಾಗಿ ರೂಪುಗೊಂಡದ್ದು ಆಲೂಗಡ್ಡೆಯಲ್ಲಿ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸ್ನಾತಕೋತ್ತರ ಅಧ್ಯಯನ ಮುಗಿಸಿ, ಯುನೆಸ್ಕೊ ವೇತನದಲ್ಲಿ 1949ರಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ಗೆ ಹೋದರು. ಸಮುದ್ರದಿಂದ ಪಡೆದ ಅಲ್ಲಿನ ತಗ್ಗು ನೆಲದ ಆಲೂಗಡ್ಡೆ ಬೆಳೆ ಬೇರಿನ ದುಂಡುಹುಳುಗಳಿಂದ ನಲುಗಿತ್ತು. ಹುಳು ತಡೆಯುವ ಗುಣವನ್ನು ಕಾಡು ಜಾತಿಗಳಿಂದ ನಾಟಿ ಗಡ್ಡೆಗೆ ತರುವ ಪ್ರಯತ್ನದಲ್ಲಿ ಅವರು ತೊಡಗಿದರು. ಅಲ್ಲಿಂದ ಕೇಂಬ್ರಿಜ್‌ಗೆ ಬಂದು ಎಚ್.ಡಬ್ಲ್ಯು. ಹೊವರ್ಡ್ ಅವರಲ್ಲಿ 1952ರಲ್ಲಿ ಪಿಎಚ್‌.ಡಿ. ಮುಗಿಸಿದರು. ಗಡ್ಡೆ ಬಿಡುವ ಸೊಲಾನಮ್ ಜಾತಿಗಳು ಹೇಗೆ ಕವಲೊಡೆದವು, ಅವುಗಳಲ್ಲಿ ವರ್ಣತಂತುಗಳ ಕಟ್ಟುಗಳು ಹೇಗೆ ಹೆಚ್ಚಿದವು ಎಂಬುದು ಪ್ರಬಂಧದ ವಿಷಯ.

ಇದು ಪುಸ್ತಕದಲ್ಲೇ ಉಳಿಯುವ ಪ್ರಶ್ನೆಯಾಗಿರಲಿಲ್ಲ. ನಾಲ್ಕು ಕಟ್ಟುಗಳೂ ಒಂದೇ ಬಗೆಯವೋ, ಬೇರೆ ಬೇರೆ ಜಾತಿಗಳಿಂದ ಬಂದವೋ ಎಂಬುದರ ಮೇಲೆ ಸಂಕರದಲ್ಲಿ ಯಾವ ಗುಣ ಎಷ್ಟು ಸಸಿಗಳಲ್ಲಿ ತೋರುತ್ತದೆಂಬ ಲೆಕ್ಕ ನಿಂತಿದೆ. ಎರಡು ಕಟ್ಟಿನ ಕಾಡು ಗಿಡವನ್ನು ನಾಲ್ಕು ಕಟ್ಟಿನ ನಾಟಿ ಗಿಡದೊಂದಿಗೆ ಕೂಡಿಸುವ ದಾರಿಯೂ ಅದನ್ನೇ ಅವಲಂಬಿಸಿದೆ. 1953ರಲ್ಲಿ ಸ್ವಾಮಿನಾಥನ್ ಮತ್ತು ಹೊವರ್ಡ್ ಪ್ರಕಟಿಸಿದ ಆಲೂಗಡ್ಡೆಯ ಜೀವಕೋಶ ಮತ್ತು ಆನುವಂಶಿಕತೆಯ ಸಮೀಕ್ಷೆ ಬಹುಕಾಲ ಆ ಕ್ಷೇತ್ರದ ಆಕರವಾಗಿತ್ತು. ಮುಂದೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹಿಮ ತಾಳುವ ಸಂಕರಗಳ ಮೇಲೆ ಅವರು ಮಾಡಿದ ಕೆಲಸ ಅಲಾಸ್ಕಾ ಫ್ರಾಸ್ಟ್‌ಲೆಸ್ ಎಂಬ ತಳಿಗೆ ದಾರಿಯಾಯಿತು. ಅಲ್ಲೇ ಉಳಿಯುವ ಅವಕಾಶವಿದ್ದರೂ 1954ರಲ್ಲಿ ಭಾರತಕ್ಕೆ ಮರಳಿದರು.

ಶಿಮ್ಲಾ ಮತ್ತು ಕುಫ್ರಿ

ಭಾರತದಲ್ಲಿ ತಳಿ ಸಂಶೋಧನೆ 1935ರಲ್ಲಿ ಶಿಮ್ಲಾ ಸುತ್ತಿನ ಬೆಟ್ಟಗಳಲ್ಲಿ ಆರಂಭವಾಯಿತು. ಬಯಲಿನ ಚಳಿಗಾಲದ ಗಿಡ್ಡ ಹಗಲಿನಲ್ಲಿ ಆಲೂಗಡ್ಡೆ ಸರಿಯಾಗಿ ಹೂ ಬಿಡುವುದಿಲ್ಲ, ಹೂವಿಲ್ಲದೆ ಸಂಕರವಿಲ್ಲ. ಬೆಟ್ಟದ ಬೇಸಿಗೆಯ ತಂಪು ಮತ್ತು ಉದ್ದ ಹಗಲು ಅದಕ್ಕೆ ಬೇಕು. 1942ರಲ್ಲಿ ಬಿ.ಪಿ. ಪಾಲ್ ಮತ್ತು ಪುಷ್ಕರನಾಥ್ ಎರಡು ಕಟ್ಟಿನ ಆಲೂಗಡ್ಡೆಗಳು ತಮ್ಮದೇ ಪರಾಗವನ್ನು ನಿರಾಕರಿಸುವುದರ ಆನುವಂಶಿಕ ಕಾರಣವನ್ನು ನೇಚರ್ ಪತ್ರಿಕೆಯಲ್ಲಿ ವಿವರಿಸಿದರು. ಆಗ ಅದು ಸಣ್ಣ ಟಿಪ್ಪಣಿ. ಇಂದಿನ ಸಂಕರ ಬೀಜದ ಸಂಶೋಧನೆಯ ಬೇರು ಅಲ್ಲಿದೆ.

1949ರಲ್ಲಿ ಪಟ್ನಾದಲ್ಲಿ ಹುಟ್ಟಿದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1956ರಲ್ಲಿ ಶಿಮ್ಲಾಕ್ಕೆ ಬಂತು. ಅದರ ತಳಿಗಳಿಗೆಲ್ಲ ಸಂಕರ ನಡೆಯುವ ಕುಫ್ರಿಯ ಹೆಸರಿದೆ: ಸಿಂಧೂರಿ, ಚಂದ್ರಮುಖಿ, ಜ್ಯೋತಿ, ಪುಖರಾಜ್, ಚಿಪ್ಸೋನಾ. ಆದರೂ ದೇಶದ ಆಲೂಗಡ್ಡೆಯ ಚಿತ್ರ ಬದಲಿಸಿದ್ದು ತಳಿಗಿಂತ ಹೆಚ್ಚಾಗಿ ಪುಷ್ಕರನಾಥ್ ರೂಪಿಸಿದ ಬಿತ್ತನೆ ಗಡ್ಡೆಯ ವಿಧಾನ ಎಂದು ಹೇಳಬೇಕಾಗುತ್ತದೆ. ವೈರಸ್ ಹರಡುವ ಸಸ್ಯಹೇನುಗಳು ಉತ್ತರದ ಬಯಲಿನಲ್ಲಿ ಅಕ್ಟೋಬರ್‌ನಿಂದ ಜನವರಿಯವರೆಗೆ ವಿರಳ. ಆ ಅವಧಿಯಲ್ಲಿ ಬೆಳೆದು, ಹೇನು ಹೆಚ್ಚುವ ಮೊದಲೇ ಗಿಡದ ಹಸಿರು ಭಾಗವನ್ನು ಕತ್ತರಿಸಿದರೆ ನೆಲದೊಳಗಿನ ಗಡ್ಡೆ ಆರೋಗ್ಯವಾಗಿ ಉಳಿಯುತ್ತದೆ. ಬೆಟ್ಟದ ಬಿತ್ತನೆಗಾಗಿ ಕಾಯುವುದು ಇದರಿಂದ ತಪ್ಪಿತು. 1949-50ರಲ್ಲಿ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ 7 ಟನ್ನಿಗೂ ಕಡಿಮೆ; ಈಗ 20 ಟನ್ನಿಗೂ ಹೆಚ್ಚು. ಉತ್ಪಾದನೆಯಲ್ಲಿ ಚೀನಾದ ನಂತರ ಭಾರತವೇ.

ಹಾಸನದ ಹೊಲಗಳು

ಕರ್ನಾಟಕದ ಕಥೆ ಬೇರೆ. ಹಾಸನ, ಚಿಕ್ಕಮಗಳೂರು ಸೀಮೆಯ ಆಲೂಗಡ್ಡೆ ಮುಂಗಾರಿನ ಬೆಳೆ. ಮೇ ತಿಂಗಳ ಮಳೆಗೆ ನೆಟ್ಟ ಬೆಳೆಗೆ ಮೋಡ, ಜಿಟಿಜಿಟಿ ಮಳೆ, ತಂಪು ಎಲ್ಲವೂ ಒಟ್ಟಿಗೆ ಬರುತ್ತವೆ. ಅಂಗಮಾರಿಗೆ ಬೇಕಾದದ್ದೂ ಇದೇ ಹವೆ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುತ್ತದೆ. ಅದರ ಬೆಲೆಯೇ ರೈತನ ಖರ್ಚಿನ ದೊಡ್ಡ ಪಾಲು. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಮೊದಲು ಅಂಗಮಾರಿಯನ್ನು ತಡೆಯುತ್ತಿತ್ತು. ರೋಗಾಣುವಿನ ಹೊಸ ರೂಪಗಳ ಮುಂದೆ ಆ ಶಕ್ತಿ ಸೋತಿತು. ತಳಿ ಮಾತ್ರ ಇಲ್ಲಿ ದಶಕಗಳ ಕಾಲ ಉಳಿದುಕೊಂಡಿತು.

ಆ ಹೊಸ ರೂಪಗಳ ಜಾಡು ದೂರದ್ದು. ರೋಗಾಣುವಿಗೆ ಎ1, ಎ2 ಎಂಬ ಎರಡು ಲಿಂಗ ಪ್ರಭೇದಗಳಿವೆ. ಎರಡೂ ಕೂಡಿದರೆ ಹೊಸ ಸಂತತಿ. 1958ರಲ್ಲಿ ಗ್ಯಾಲೆಗ್ಲಿ ಮತ್ತು ಗಲಿಂಡೊ ಮೆಕ್ಸಿಕೊದಲ್ಲಿ ಎರಡನ್ನೂ ಗುರುತಿಸಿದಾಗ ಎ2 ಅಲ್ಲಿಗೇ ಸೀಮಿತವೆಂದು ನಂಬಲಾಗಿತ್ತು. 1984ರಲ್ಲಿ ಅದು ಯುರೋಪಿನಲ್ಲಿ ವರದಿಯಾಯಿತು. ಯುರೋಪಿನಲ್ಲಿ ಬಲಗೊಂಡ 13_ಎ2 ಎಂಬ ಉಗ್ರ ವಂಶ ದಕ್ಷಿಣ ಭಾರತದ ಆಲೂಗಡ್ಡೆ, ಟೊಮೇಟೊ ಹೊಲಗಳಿಗೂ ತಲುಪಿದೆ ಎಂಬುದನ್ನು ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಂಡ 2010ರ ದಶಕದಲ್ಲಿ ದೃಢಪಡಿಸಿತು. ಹಾಸನದ ರೈತ ಔಷಧಿ ಹೊಡೆದರೂ ಬೆಳೆ ಏಕೆ ಕರಗಿತೆಂಬುದಕ್ಕೆ ಇದರಲ್ಲಿ ಉತ್ತರದ ಒಂದು ಭಾಗ ಇತ್ತು.

ನೀಲಗಿರಿಯದು ಇನ್ನೊಂದು ಸಮಸ್ಯೆ. ಸ್ವಾಮಿನಾಥನ್ ವಾಗೆನಿಂಗೆನ್‌ನಲ್ಲಿ ಎದುರಿಸಿದ್ದ ದುಂಡುಹುಳು 1961ರಲ್ಲಿ ಊಟಿಯ ಹೊಲಗಳಲ್ಲಿ ಕಾಣಿಸಿತು. ಅದನ್ನು ತಡೆಯುವ ಕುಫ್ರಿ ಸ್ವರ್ಣ ಬರಲು 1985 ಆಯಿತು.

2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಲಿಮಾದ ಕೇಂದ್ರದ ಸಹಯೋಗದಲ್ಲಿ ಹಾಸನಕ್ಕೆ ಹೊಸ ವಿಧಾನವೊಂದನ್ನು ತಂದಿದೆ. ಅಂಗಾಂಶ ಕೃಷಿಯ ರೋಗಮುಕ್ತ ಗಿಡದ ಕುಡಿಗಳನ್ನು ನರ್ಸರಿಯಲ್ಲಿ ಬೇರು ಬರಿಸಿ ಹೊಲಕ್ಕೆ ನಾಟಿ ಮಾಡುವುದು, ಅದರಿಂದ ಬಂದ ಗಡ್ಡೆಯನ್ನು ಬಿತ್ತನೆಗೆ ಬಳಸುವುದು. ವಿಯೆಟ್ನಾಮಿನ ದಲಾತ್ ಬೆಟ್ಟಗಳಲ್ಲಿ ರೈತರು ಬಹುಕಾಲದಿಂದ ಬಳಸುತ್ತಿರುವ ಕ್ರಮವಿದು. ಜಲಂಧರ್ ಗಡ್ಡೆಯ ಅವಲಂಬನೆ ತಗ್ಗಿಸಲು ಇದಕ್ಕಿಂತ ನೇರವಾದ ದಾರಿ ಸದ್ಯ ಕಾಣುವುದಿಲ್ಲ. ಯಾವ ತಿಂಗಳಲ್ಲಿ ಕುಡಿ ನೆಡಬೇಕು, ಎಷ್ಟು ಅಂತರ, ಎಷ್ಟು ಗೊಬ್ಬರ ಎಂಬ ಪ್ರಶ್ನೆಗಳು ಎಂ.ಎಸ್‌ಸಿ. ವಿದ್ಯಾರ್ಥಿಯೊಬ್ಬರು ಎರಡು ಹಂಗಾಮಿನಲ್ಲಿ ಉತ್ತರಿಸಬಲ್ಲ ಪ್ರಶ್ನೆಗಳೇ.

ಆಹಾರವಾಗಿ ಆಲೂಗಡ್ಡೆ

ಆಲೂಗಡ್ಡೆ ಬರೀ ಪಿಷ್ಟ ಎಂಬ ನಂಬಿಕೆಯನ್ನು 1928ರಲ್ಲೇ ಕಾನ್ ಮತ್ತು ಕ್ಲೈನ್ ಎಂಬ ಸಂಶೋಧಕರು ಪರೀಕ್ಷಿಸಿದ್ದರು. ಒಬ್ಬ ಪುರುಷ, ಒಬ್ಬ ಮಹಿಳೆ 167 ದಿನ ಸಾರಜನಕಕ್ಕೆ ಬಹುತೇಕ ಆಲೂಗಡ್ಡೆಯನ್ನೇ ನೆಚ್ಚಿ ಆರೋಗ್ಯವಾಗಿದ್ದರು. ಅದರ ಪ್ರೋಟೀನು ಪ್ರಮಾಣದಲ್ಲಿ ಸ್ವಲ್ಪವಾದರೂ ಗುಣದಲ್ಲಿ ಉತ್ತಮ. ರಾಜಗಿರಿಯ ಜೀನ್ ಸೇರಿಸಿ ಆ ಪ್ರಮಾಣವನ್ನು ಹೆಚ್ಚಿಸುವ ಕೆಲಸ ದೆಹಲಿಯಲ್ಲಿ ಆಸಿಸ್ ದತ್ತ ಅವರ ತಂಡದಿಂದ ನಡೆಯಿತು. 2010ರಲ್ಲಿ ಏಳು ತಳಿಗಳ ಫಲಿತಾಂಶ ಪ್ರಕಟವಾಯಿತು. ಗಡ್ಡೆಯ ಪ್ರೋಟೀನು 60%ವರೆಗೆ ಹೆಚ್ಚಿತ್ತು. ಆ ಗಡ್ಡೆ ನಮ್ಮ ಮಾರುಕಟ್ಟೆಗೆ ಬಂದಿಲ್ಲ.

ತಳಿ ಸುಧಾರಣೆ ವಿಷವನ್ನೂ ಹೊತ್ತು ತರಬಹುದು. ಚಿಪ್ಸ್‌ಗೆಂದು ಅಮೆರಿಕದಲ್ಲಿ 1967ರಲ್ಲಿ ಬಿಡುಗಡೆಯಾದ ಲೆನಾಪೆ ತಳಿಯಲ್ಲಿ ಸೊಲನಿನ್ ವಿಪರೀತವೆಂದು ತಿಳಿದು 1970ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಾಡು ಜಾತಿಯ ರಕ್ತ ಬೆರೆತ ತಳಿಯಲ್ಲಿ ಈ ವಿಷದ ಪ್ರಮಾಣ ಅಳೆಯುವುದು ಆಮೇಲೆ ಕಡ್ಡಾಯದಂತಾಯಿತು. 100 ಗ್ರಾಂ ಹಸಿ ಗಡ್ಡೆಯಲ್ಲಿ 20 ಮಿಲಿಗ್ರಾಂ ಮೀರಬಾರದೆಂಬುದು ರೂಢಿಯ ಮಿತಿ.

ಆಹಾರ ಸುರಕ್ಷತೆಯನ್ನು ಅಲುಗಿಸಿದ ಸಂಶೋಧನೆಯೊಂದು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಡಾಕ್ಟರೇಟ್ ವಿದ್ಯಾರ್ಥಿನಿ ಈಡನ್ ತರೇಕೆ ಅವರದು. ಮಾರ್ಗರೆತಾ ತೋರ್ನ್‌ಕ್ವಿಸ್ಟ್ ಅವರ ತಂಡದಲ್ಲಿ, ಹೆಚ್ಚು ಬಿಸಿಯಲ್ಲಿ ಕರಿದ ಹಾಗೂ ಸುಟ್ಟ ಪಿಷ್ಟದ ಆಹಾರದಲ್ಲಿ ಅಕ್ರಿಲಮೈಡ್ ಎಂಬ ಹಾನಿಕಾರಕ ರಾಸಾಯನಿಕ ಹುಟ್ಟುವುದನ್ನು ಅವರು ಪ್ರಥಮ ಲೇಖಕಿಯಾಗಿ 2002ರಲ್ಲಿ ಪ್ರಕಟಿಸಿದರು. ಚಿಪ್ಸ್ ಆ ಪಟ್ಟಿಯ ಮೇಲ್ಭಾಗದಲ್ಲೇ ಇತ್ತು. ಶೀತಗೃಹದಲ್ಲಿಟ್ಟ ಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಕ್ಕರೆ ಎಣ್ಣೆಯಲ್ಲಿ ಅಕ್ರಿಲಮೈಡ್‌ಗೆ ದಾರಿ ಮಾಡುತ್ತದೆ. ಅಲ್ಲಿಯವರೆಗೆ ಚಿಪ್ಸ್‌ನ ಬಣ್ಣಕ್ಕಾಗಿ ಅಳೆಯುತ್ತಿದ್ದ ಸಕ್ಕರೆಯನ್ನು ಅಲ್ಲಿಂದ ಮುಂದೆ ಆರೋಗ್ಯಕ್ಕಾಗಿಯೂ ಅಳೆಯತೊಡಗಿದರು.

ಬಣ್ಣದ ಗಡ್ಡೆಗಳ ವಿಷಯದಲ್ಲಿ ಎಚ್ಚರ ಬೇಕು. ನೇರಳೆ ಸಿಪ್ಪೆಯ ಕುಫ್ರಿ ನೀಲಕಂಠದಂಥ ತಳಿಗಳನ್ನು ಉತ್ಕರ್ಷಣ ನಿರೋಧಕಗಳಿಗಾಗಿ ಮೆಚ್ಚಲಾಗುತ್ತದೆ. ಆದರೆ ಪೆರುವಿನ ಮಹಿಳೆಯರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳದಿ ತಿರುಳಿನ ಗಡ್ಡೆಯ ಕಬ್ಬಿಣದಲ್ಲಿ ಸುಮಾರು 28% ದೇಹಕ್ಕೆ ಸೇರಿತು, ನೇರಳೆ ತಿರುಳಿನದರಲ್ಲಿ ಸುಮಾರು 13% ಮಾತ್ರ. ಬಣ್ಣ ಕೊಡುವ ಪಾಲಿಫಿನಾಲ್‌ಗಳೇ ಕಬ್ಬಿಣವನ್ನು ಹಿಡಿದಿಡುತ್ತವೆ. ರಕ್ತಹೀನತೆ ವ್ಯಾಪಕವಾಗಿರುವ ನಮ್ಮಲ್ಲಿ ತಳಿ ಆರಿಸುವವರು ಇದನ್ನು ಗಮನಿಸಬೇಕು.

ಎರಡು ಕಟ್ಟಿನತ್ತ

2011ರಲ್ಲಿ ಶಿಮ್ಲಾದ ಸಂಸ್ಥೆಯೂ ಸೇರಿದಂತೆ 14 ದೇಶಗಳ ವಿಜ್ಞಾನಿಗಳು ಆಲೂಗಡ್ಡೆಯ ಜೀನೋಮ್ ಪ್ರಕಟಿಸಿದರು. ಸುಮಾರು 39,000 ಜೀನ್‌ಗಳು. ನಾಲ್ಕು ಕಟ್ಟಿನ ಗೋಜಲು ಬಿಡಿಸಲಾಗದೆ, ಪರಾಗಕೋಶ ಕೃಷಿಯಿಂದ ಪಡೆದ ಸರಳ ಗಿಡವೊಂದನ್ನು ಅವರು ಆಧಾರವಾಗಿಟ್ಟುಕೊಂಡಿದ್ದರು. ಆಲೂಗಡ್ಡೆಯನ್ನೇ ಎರಡು ಕಟ್ಟಿನ ಬೆಳೆಯನ್ನಾಗಿ ಮಾಡಿದರೆ ಮೆಕ್ಕೆಜೋಳದಂತೆ ಶುದ್ಧ ವಂಶಗಳನ್ನು ಬೆಳೆಸಿ ಸಂಕರ ಬೀಜ ಪಡೆಯಬಹುದು. ಅಡ್ಡಿಯಾಗಿದ್ದುದು ಪಾಲ್ ಮತ್ತು ಪುಷ್ಕರನಾಥ್ ವಿವರಿಸಿದ್ದ ಪರಾಗದ ನಿರಾಕರಣೆ. ಅದನ್ನು ಮೀರಿಸುವ ಎಸ್‌ಎಲ್‌ಐ ಜೀನನ್ನು ಹೊಸಾಕ ಮತ್ತು ಹ್ಯಾನಿಮನ್ 1998ರಲ್ಲಿ ಕಾಡು ಜಾತಿಯೊಂದರಲ್ಲಿ ಕಂಡರು. 2011ರಲ್ಲಿ ವಾಗೆನಿಂಗೆನ್‌ನ ಸೊಲಿಂಟಾ ಕಂಪನಿ ಆ ಹಾದಿಯ ಮೊದಲ ಫಲಿತಾಂಶಗಳನ್ನು ಪ್ರಕಟಿಸಿತು. 2021ರಲ್ಲಿ ಚೀನಾದ ಹುವಾಂಗ್ ಸಾನ್‌ವೆನ್ ತಂಡ ಜೀನೋಮ್ ಮಾಹಿತಿಯ ನೆರವಿನಿಂದ ಸಂಕರ ಆಲೂಗಡ್ಡೆ ರೂಪಿಸಿತು. ಹೆಕ್ಟೇರಿಗೆ ಟನ್ನುಗಟ್ಟಲೆ ಬಿತ್ತನೆ ಗಡ್ಡೆಯ ಬದಲು ಕೆಲವು ಗ್ರಾಂ ಬೀಜ ಸಾಕು, ಬೀಜದಲ್ಲಿ ಬಹುತೇಕ ವೈರಸ್‌ಗಳು ದಾಟುವುದಿಲ್ಲ. ಬೀಜದಿಂದ ಬಂದ ಸಸಿ ಗಡ್ಡೆಯಿಂದ ಬಂದ ಗಿಡಕ್ಕಿಂತ ನಿಧಾನ, ಮೊದಲ ವಾರಗಳಲ್ಲಿ ನಾಜೂಕು. ಮುಂಗಾರಿನ ಹೊಡೆತ ಮತ್ತು ಅಂಗಮಾರಿಯ ನಡುವೆ ಆ ಸಸಿಯನ್ನು ನಿಲ್ಲಿಸುವ ಬೇಸಾಯ ಕ್ರಮ ಹಾಸನದಂಥ ಸೀಮೆಗೆ ಇನ್ನೂ ರೂಪುಗೊಳ್ಳಬೇಕಾಗಿದೆ.